ಎರಡೂ ಕಡೆ ಕಾಲು, ಬಾಯಿ ಮಾತ್ರ ಬೇರೆ

ಬೆಂಗಳೂರಿನ ಸಂಡೇ ಬಜಾರಿಗೆ ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ನಡೆದರೆ, ವಾರವೆಲ್ಲ ಲೈಟು, ವೈರು ಮಾರುವ ಅಂಗಡಿಗಳ ಮುಚ್ಚಿದ ಶಟರ್ ಮುಂದೆ ಟಾರ್ಪಾಲು ಹಾಸಿರುತ್ತಾರೆ. ಹಳೇ ಶೂ, ಚಾರ್ಜರ್, ಕೆಟ್ಟ ಗಡಿಯಾರಗಳನ್ನು ದಾಟಿ ಮುಂದೆ ಹೋದರೆ ತುಕ್ಕು ಹಿಡಿದ ಸ್ಪ್ಯಾನರ್‌ಗಳ ರಾಶಿ. ನನಗೆ ಬೇಕಾಗಿದ್ದು ಅದೇ.

ಅಪ್ಪನ ಹತ್ತಿರ 1968ರ ಬುಲೆಟ್ ಇದೆ. ಮಂಡಿ ನೋವಿನಿಂದ ಅವರಿಗೀಗ ಕೆಳಗೆ ಕೂತು ಕೆಲಸ ಮಾಡೋಕಾಗಲ್ಲ, ಆ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಹೊಸ ಸೆಟ್ಟಿನಲ್ಲಿ 13ರ ಸ್ಪ್ಯಾನರ್ ಅದರ ನಟ್ಟಿಗೆ ಹತ್ತೋದೇ ಇಲ್ಲ, 14 ಲೊಡಲೊಡ ಅನ್ನುತ್ತೆ. ಹಾಗೇ ಬಲ ಹಾಕಿದರೆ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತೆ, ಆಮೇಲೆ ಉಳಿ-ಸುತ್ತಿಗೆಯೇ ಗತಿ. "ಅಡ್ಜಸ್ಟಬಲ್ ಹಾಕಬೇಡ ಕಣೋ, ಇಂಚಿಂದು ಹುಡುಕು" ಅಂದಿದ್ದರು ಅಪ್ಪ.

ರಾಶಿಯಲ್ಲಿ ಸಿಕ್ಕಿದ ಒಂದು ಸ್ಪ್ಯಾನರನ್ನು ಪ್ಯಾಂಟಿಗೆ ಉಜ್ಜಿ ನೋಡಿದೆ. ಒಂದು ತುದಿಯಲ್ಲಿ 3/16 ಡಬ್ಲ್ಯೂ, 1/4 ಬಿಎಸ್. ಇನ್ನೊಂದು ತುದಿಯಲ್ಲಿ 1/4 ಡಬ್ಲ್ಯೂ, 5/16 ಬಿಎಸ್. ಅಂದರೆ 'ಕಾಲು' ಅನ್ನೋದು ಎರಡೂ ಕಡೆ ಇದೆ, ಆದರೆ ಬಾಯಿಗಳು ಒಂದೇ ಅಳತೆಯಲ್ಲ! ವರ್ನಿಯರ್ ಹಿಡಿದರೆ ಒಂದು ಸುಮಾರು 11.3 ಮಿ.ಮೀ., ಇನ್ನೊಂದು 13.3. ಕಾಲಿಂಚು ಅಂದರೆ 6.35 ಮಿ.ಮೀ. ತಾನೇ? ಯಾವ ಬಾಯಿಯೂ ಅಷ್ಟು ಚಿಕ್ಕದಲ್ಲ.

ಉತ್ತರ ಇರೋದು ಇಂಗ್ಲೆಂಡಿನಲ್ಲಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಬೋಲ್ಟಿನ ಮರೆಗೆ, ಅಂದರೆ ಥ್ರೆಡ್‌ಗೆ, ಎಲ್ಲರೂ ಒಪ್ಪುವಂಥ ಒಂದೇ ಲೆಕ್ಕ ಇರಲಿ ಎಂದು ಹೊರಟ. ಆ ಪದ್ಧತಿಯಲ್ಲಿ ಸ್ಪ್ಯಾನರ್ ಮೇಲಿನ ಅಂಕಿ ಬಾಯಿಯ ಅಗಲವಲ್ಲ, ಬೋಲ್ಟಿನ ಕಡ್ಡಿಯ ದಪ್ಪ. ಕಾಲಿಂಚು ದಪ್ಪದ ವಿಟ್‌ವರ್ತ್ ಬೋಲ್ಟಿನ ತಲೆ 0.525 ಇಂಚು ಅಗಲ, ಅದೇ ನಮ್ಮ 13.3. 1908ರಲ್ಲಿ ಸಣ್ಣ ಮರೆಯ ಬಿಎಸ್‌ಎಫ್ ಬಂತು. ಅದರ ತಲೆ ಒಂದು ಸೈಜು ಚಿಕ್ಕದು, ಹಾಗಾಗಿ ಒಂದೇ ಬಾಯಿಗೆ ಎರಡು ಹೆಸರು. ನಮ್ಮ ಆಫೀಸಲ್ಲಿ ಯಾರಾದರೂ ವೇರಿಯಬಲ್‌ಗೆ ಹೀಗೆ ಹೆಸರಿಟ್ಟಿದ್ದರೆ ರಿವ್ಯೂನಲ್ಲೇ ವಾಪಸ್ ಬರ್ತಿತ್ತು. ಸಾಲದ್ದಕ್ಕೆ ಎರಡನೇ ಮಹಾಯುದ್ಧದಲ್ಲಿ ಉಕ್ಕು ಉಳಿಸೋಕೆ ವಿಟ್‌ವರ್ತ್ ತಲೆಯನ್ನೂ ಒಂದು ಸೈಜು ಇಳಿಸಿದರು. ಹಾಗಾಗಿ ಕಾಲಿಂಚಿನ ಹೊಸ ವಿಟ್‌ವರ್ತ್ ಬೋಲ್ಟಿಗೆ 1/4 ಡಬ್ಲ್ಯೂ ಅಂತ ಬರೆದ ಬಾಯಿ ದೊಡ್ಡದಾಗುತ್ತೆ!

ನಮ್ಮ ದೇಶ ಮೆಟ್ರಿಕ್‌ಗೆ ತಿರುಗಿದ್ದು 1956ರ ಕಾಯ್ದೆಯ ನಂತರ. ಬುಲೆಟ್ ಅದಕ್ಕೂ ಮೊದಲೇ ಮದ್ರಾಸಿಗೆ ಬಂದಿತ್ತು. ಇಂಗ್ಲೆಂಡಿನ ವಿನ್ಯಾಸ, ಜೊತೆಗೆ ಅಲ್ಲಿನದೇ ನಟ್ಟುಗಳು. ಅಮೆರಿಕದ ಇಂಚಿನ ಸ್ಪ್ಯಾನರ್ ತಂದರೂ ಸಾಲದು, ಅದರಲ್ಲಿ 1/2 ಅಂತಿದ್ದರೆ ಬಾಯಿಯೇ ಅರ್ಧ ಇಂಚು.

"ಇದು ಯಾವ ಗಾಡಿದು ಸಾರ್?" ಅಂತ ಕೇಳಿದ ವ್ಯಾಪಾರಿ. ಬುಲೆಟ್ ಅಂದೆ. ತಕ್ಷಣ ರೇಟು ಏರಿತು. ನೀವು ಹೋದರೆ ಪಂಪ್‌ಸೆಟ್ ಅನ್ನಿ. ಚೌಕಾಸಿ ಮಾಡಿ ನೂರೈವತ್ತಕ್ಕೆ ತಂದೆ. ಸಂಜೆ ಆ ನಟ್ಟು ಒಂಚೂರೂ ಜಾರದೆ, ಕಟ್ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು.

ಈಗ ಅಪ್ಪನ ಪಟ್ಟಿಯಲ್ಲಿ 2 ಬಿಎ ಇದೆ, ಸಣ್ಣ ಎಲೆಕ್ಟ್ರಿಕಲ್ ಭಾಗಗಳಿಗೆ. ಅಲ್ಲಿ ಲೆಕ್ಕವೇ ಉಲ್ಟಾ. 0 ಬಿಎ ಅಂದರೆ 6 ಮಿ.ಮೀ. ಬೋಲ್ಟು, 2 ಬಿಎ 4.7, ಅಂಕಿ ಏರಿದಷ್ಟೂ ಬೋಲ್ಟು ಚಿಕ್ಕದು. ಮುಂದಿನ ಭಾನುವಾರ ವರ್ನಿಯರ್ ಜೊತೆ ಭೂತಗನ್ನಡಿಯೂ ಬೇಕು.