ಅಂಗಳದ ಹಾವಸೆ

ಮಲೆನಾಡಿನಲ್ಲಿ ಹಾವಸೆಯನ್ನು ಯಾರೂ ಬೆಳೆಸುವುದಿಲ್ಲ. ಅದು ತಾನಾಗಿ ಬರುತ್ತದೆ. ನಾನು ಹೇಳುತ್ತಿರುವುದು ಕೆರೆಯ ನೀರನ್ನು ಮುಚ್ಚುವ ಪಾಚಿಯನ್ನಲ್ಲ. ಕಲ್ಲು ಮಣ್ಣುಗಳ ಮೇಲೆ ಮಖಮಲ್ಲಿನಂತೆ ಹಬ್ಬುವ ಸಸ್ಯವನ್ನು. ಆಷಾಢದ ಮಳೆ ಹಿಡಿಯಿತೆಂದರೆ ಪಾಗಾರ, ಬಾವಿಯ ಕಟ್ಟೆ, ಮೆಟ್ಟಿಲು, ಮಾಡಿನ ಹೆಂಚು, ಯಾವುದನ್ನೂ ಅದು ಬಿಡುವುದಿಲ್ಲ. ನಾವಾದರೋ ಅದನ್ನು ಸುಣ್ಣ ಹಾಕಿ ಕೆರೆಯುತ್ತೇವೆ. ಕರೆಯದೆ ಬಂದ ಈ ಅತಿಥಿಯನ್ನು ಓಡಿಸಿ, ಅದೇ ನೆಲದಲ್ಲಿ ಹಣ ಕೊಟ್ಟು ತಂದ ಹುಲ್ಲನ್ನು ಹಾಸುವುದು ಈಚಿನ ವಾಡಿಕೆಯಾಗಿದೆ.

ಪಟ್ಟಣದಲ್ಲಿ ಕಂಡ ಹಸುರಿಗೆ ಮನಸೋತ ನನ್ನ ತಮ್ಮನು ನಮ್ಮ ಮನೆಯ ಮುಂದೆಯೂ ಹುಲ್ಲು ಹಾಕಿಸಿದನು. ಹಲಸಿನ ಮರದ ನೆರಳಿನಲ್ಲಿ ಅದು ಮೊದಲ ಮಳೆಗಾಲದಲ್ಲೇ ಕೊಳೆಯಿತು. ಬಿಸಿಲಿದ್ದ ಕಡೆ ಉಳಿದುದು ಚೈತ್ರ ಬಂದೊಡನೆ ದಿನವೂ ನೀರು ಬೇಡತೊಡಗಿತು. ಆ ತಿಂಗಳಿನಲ್ಲಿ ನಮ್ಮ ಬಾವಿಯ ಹಗ್ಗ ಸಾಲದೆ ಹೋಗುತ್ತದೆ. ಒಂದು ಸಂಜೆ ಕೊಡವನ್ನು ಕಟ್ಟೆಯ ಮೇಲಿಟ್ಟು ತಾಯಿಯವರು, "ಇರೋ ನೀರು ಮನೆಯವರಿಗೋ ಹುಲ್ಲಿಗೋ, ಮೊದಲು ಅದನ್ನ ಹೇಳಪ್ಪ" ಎಂದರು. ತಮ್ಮನಲ್ಲಿ ಉತ್ತರವಿರಲಿಲ್ಲ. ಹುಲ್ಲು ಒಣಗಿತು. ಮುಂದಿನ ಮಳೆಗೆ ಆ ನೆರಳಿನಲ್ಲಿ ಹಾವಸೆ ತಾನೇ ಬಂದು ಕುಳಿತಿತು.

ಈ ಸಸ್ಯದ ಬಾಳುವೆ ವಿಚಿತ್ರವಾದುದು. ಇದಕ್ಕೆ ನಿಜವಾದ ಬೇರಿಲ್ಲ. ನೆಲಕ್ಕೆ ಅಂಟಿಕೊಳ್ಳಲು ನೂಲಿನಂತಹ ಎಳೆಗಳುಂಟು, ಅಷ್ಟೇ. ನೀರನ್ನು ಎಲೆಯಿಂದಲೇ ಹೀರುತ್ತದೆ. ಹೂವಿಲ್ಲ, ಬೀಜವಿಲ್ಲ. ಬೇಸಗೆಯಲ್ಲಿ ಮುದುಡಿ ಕಂದಾಗಿ, ಸತ್ತಂತೆಯೇ ಬಿದ್ದಿರುತ್ತದೆ. ಒಂದು ತಂಬಿಗೆ ನೀರು ಚಿಮುಕಿಸಿದರೆ ಕೆಲವು ನಿಮಿಷಗಳಲ್ಲಿ ಎಲೆ ಬಿಚ್ಚಿ ಹಸುರಾಗುತ್ತದೆ. ಬರವನ್ನು ಹೋರಾಡಿ ಗೆಲ್ಲುವುದು ಇದರ ಕ್ರಮವಲ್ಲ, ಕಾದು ಗೆಲ್ಲುವುದು.

ಇದನ್ನೇ ತೋಟದ ಸಿರಿಯೆಂದು ಕಾಯ್ದುಕೊಂಡ ಜನರೂ ಇದ್ದಾರೆ. ಜಪಾನಿನ ಕ್ಯೋಟೋ ನಗರದ ಸೈಹೋಜಿ ದೇವಾಲಯದ ತೋಟವನ್ನು 1339ರಲ್ಲಿ ಮೂಸೋ ಸೋಸೆಕಿ ಎಂಬ ಝೆನ್ ಗುರುವು ಜೀರ್ಣೋದ್ಧಾರ ಮಾಡಿದನು. ಅಲ್ಲಿಯ ಹಾವಸೆ ಆತನು ನೆಟ್ಟುದಲ್ಲ. ಮುಂದೆ ತೋಟವು ಪಾಲನೆಯಿಲ್ಲದೆ ಬಿದ್ದ ಕಾಲದಲ್ಲಿ ಹಬ್ಬಿಕೊಂಡುದು. ಇಂದು ಅಲ್ಲಿ ಸುಮಾರು 120 ಬಗೆಯ ಹಾವಸೆಗಳಿವೆಯೆಂದು ಲೆಕ್ಕ. ಜನರ ಕಾಲ್ತುಳಿತದಿಂದ ಅದನ್ನು ಉಳಿಸಲೆಂದು 1977ರಿಂದ ಮುಂಚಿತವಾಗಿ ಕೇಳಿಕೊಂಡವರಿಗೆ ಮಾತ್ರ ಪ್ರವೇಶವುಂಟು. ಅಲ್ಲಿಯ ಮಾಲಿಗಳು ಬಿದ್ದ ಎಲೆಯನ್ನು ಗುಡಿಸುತ್ತಾರೆ, ಹಾವಸೆಯ ನಡುವೆ ತಲೆಯೆತ್ತಿದ ಹುಲ್ಲನ್ನು ಕೀಳುತ್ತಾರೆ! ಹುಲ್ಲಿನಲ್ಲಿ ಹಾವಸೆ ಕಳೆಯಾದರೆ ಹಾವಸೆಯಲ್ಲಿ ಹುಲ್ಲೇ ಕಳೆ.

ಕಳೆಯೆಂಬ ಹೆಸರು ಹೇಗೆ ಹತ್ತುತ್ತದೆಂಬುದಕ್ಕೆ ಅಮೆರಿಕೆಯಲ್ಲಿ ಮತ್ತೊಂದು ನಿದರ್ಶನವುಂಟು. ಕ್ಲೋವರ್ ಎಂಬ ಮೂರೆಲೆಯ ಸಸ್ಯವನ್ನು ಅಲ್ಲಿಯವರು ಹಿಂದೆ ಹುಲ್ಲಿನ ಬೀಜದೊಡನೆ ಬೇಕೆಂದೇ ಬೆರೆಸಿ ಬಿತ್ತುತ್ತಿದ್ದರು. ಅದು ನಮ್ಮ ಅವರೆ ಹುರುಳಿಗಳ ಬಳಗದ್ದು. ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಿಂದ ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತದೆ, ಜೇನಿಗೆ ಹೂ ಕೊಡುತ್ತದೆ. 1940ರ ದಶಕದ ನಡುವೆ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂದಿತು. ಅದು ಹುಲ್ಲನ್ನುಳಿಸಿ ಅಗಲ ಎಲೆಯವನ್ನೆಲ್ಲ ಕೊಲ್ಲುವಂಥದು. ಕ್ಲೋವರನ್ನು ಬೇರೆಯಾಗಿ ಗುರುತಿಸಲಾರದು. ಮದ್ದಿಗೆ ಬಲಿಯಾದುದೆಲ್ಲ ಕಳೆಯ ಪಟ್ಟಿಗೆ ಸೇರಿತು. ಈಚೆಗೆ ಅಲ್ಲಿಯ ಕೆಲವರು ಮತ್ತೆ ಕ್ಲೋವರನ್ನು ಬಿತ್ತತೊಡಗಿದ್ದಾರೆ. ನಮ್ಮ ಕಡೆಯ ಬಿಸಿಲು ಅದಕ್ಕೆ ಒಗ್ಗುವಂಥದಲ್ಲ. ನೀಲಗಿರಿಯಂತಹ ತಂಪಾದ ಎತ್ತರಗಳಲ್ಲಿ ಬೆಳೆಯುತ್ತದೆ. ಅಂತೆಯೇ ಬಯಲುಸೀಮೆಯವರು ಹಾವಸೆಯ ಆಸೆ ಹಿಡಿಯುವುದೂ ಬೇಡ. ಯಾವ ನೆಲಕ್ಕೆ ಯಾವುದು ತಾನಾಗಿ ಬರುವುದೋ ಅದನ್ನು ನೋಡಿ ಮೆಚ್ಚುವ ಕಣ್ಣು ಬೇಕು.

ಮೆಚ್ಚಿದರೂ ವಿವೇಕ ಬಿಡಲಾಗದು. ಹಾವಸೆ ಜಾರುತ್ತದೆ, ಎಂಬತ್ತು ದಾಟಿದ ತಾಯಿ ಮನೆಯಲ್ಲಿರುವಾಗ ಅದು ಸಣ್ಣ ಮಾತಲ್ಲ. ಆದುದರಿಂದ ಓಡಾಡುವ ದಾರಿಗೆ ಒರಟಾದ ಜಂಬಿಟ್ಟಿಗೆ ಕಲ್ಲುಗಳನ್ನು ಹಾಸಿಸಿದೆವು. ಆ ಕಲ್ಲುಗಳನ್ನೂ ಬಾವಿಕಟ್ಟೆಯನ್ನೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ ಉಜ್ಜುತ್ತೇವೆ. ಮರದ ಬುಡದ ನೆಲವೆಲ್ಲ ಹಾವಸೆಯ ಪಾಲು. ವೈಶಾಖದಲ್ಲಿ ಬಂದ ನೆಂಟರು ಕಂದಿದ ಅಂಗಳವನ್ನು ಕಂಡು "ನೀರು ಹಾಕಬಾರದೆ?" ಎಂದು ಮರುಗುತ್ತಾರೆ. "ಅದಕ್ಕೆ ಅವಸರವಿಲ್ಲ" ಎಂದು ಹೇಳಿ ತಾಯಿಯವರು ಅವರಿಗೆ ಕುಡಿಯಲು ನೀರು ತಂದುಕೊಡುತ್ತಾರೆ.