ಕಡಲಿನಲ್ಲಿ ಬೀಳುವ ವಿದ್ಯೆ

ಕುಂದಾಪುರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲಿನ ಮೊರೆತವು ತೊಟ್ಟಿಲಿನ ಜೋಗುಳದಷ್ಟೇ ಹಳೆಯದು. ಆದರೂ ಮೊಗವೀರರು, ಖಾರ್ವಿಗಳು ಮೊದಲಾದ ಕಡಲ ಮಕ್ಕಳನ್ನು ಬಿಟ್ಟರೆ, ಉಳಿದ ಗೃಹಸ್ಥರಾದ ನಮಗೆ ಸಮುದ್ರದೊಡನೆ ಇರುವ ಸಂಬಂಧವು ದೂರದ ನಮಸ್ಕಾರದ್ದೇ ಸರಿ. ತ್ರಾಸಿ-ಮರವಂತೆಗಳ ನಡುವೆ ಹೆದ್ದಾರಿಯ ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರವೂ ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕೆಯೂ ಜೊತೆಯಾಗಿ ಸಾಗುವ ಸೊಬಗನ್ನು ವಾಹನದ ಕಿಟಕಿಯಿಂದ ಕಂಡು ಸಂತೋಷಪಡುತ್ತೇವೆ. ಕರ್ಕಾಟಕ ಅಮಾವಾಸ್ಯೆಯ ದಿನ ಮರವಂತೆಯ ವರಾಹಸ್ವಾಮಿಯ ಜಾತ್ರೆಗೆ ಹೋಗಿ, ಮೊಣಕಾಲಿನಷ್ಟು ನೀರಿನಲ್ಲಿ ನಿಂತು, ತಲೆಯ ಮೇಲೆ ನಾಲ್ಕು ಹನಿ ಹಾಕಿಕೊಂಡು, ಸಮುದ್ರಸ್ನಾನದ ಪುಣ್ಯವನ್ನು ಸಂಪಾದಿಸುತ್ತೇವೆ. ಮಿಕ್ಕ ದಿನಗಳಲ್ಲಿ "ಕಡಲಿನ ಹತ್ತಿರ ಹೋಗಬೇಡ" ಎಂಬುದೇ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮೊದಲ ನೀತಿಪಾಠ. ಆ ಪಾಠಕ್ಕೆ ಕಾರಣವಿಲ್ಲದಿಲ್ಲ. ಕರಾವಳಿಯಲ್ಲಿ ನೀರಿನಿಂದ ಒಬ್ಬನನ್ನಾದರೂ ಕಳೆದುಕೊಳ್ಳದ ಊರು ವಿರಳ.

ಆದರೆ ಹೆದರಿಕೆಯನ್ನು ಕಲಿಸಿದಷ್ಟರಿಂದಲೇ ಮಕ್ಕಳು ಸುರಕ್ಷಿತರಾಗುವರೇ ಎಂಬ ಪ್ರಶ್ನೆಯು ಕಳೆದ ಮಾಘಮಾಸದಲ್ಲಿ ಕೋಡಿ ಬೆಂಗ್ರೆಗೆ ಹೋಗಿದ್ದಾಗ ನಮ್ಮ ಮುಂದೆ ಎದ್ದು ನಿಂತಿತು.

ಕುಂದಾಪುರ ಪೇಟೆಗೆ ಅಂಟಿಕೊಂಡು, ದೀಪಸ್ತಂಭವುಳ್ಳ ಕೋಡಿಯೊಂದುಂಟು. ನಾವು ಹೇಳುವುದು ಆ ಕೋಡಿಯಲ್ಲ, ಬ್ರಹ್ಮಾವರ ತಾಲೂಕಿನ ಕೋಡಿ ಬೆಂಗ್ರೆ. ಕುಂದಾಪುರದಿಂದ ತೆಂಕಲಿಗೆ ಹೊರಟರೆ ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನಗಳು ಒಂದರ ಬೆನ್ನಿಗೊಂದು ಬರುತ್ತವೆ. ಮಾಬುಕಳದಲ್ಲಿ ಸೀತಾನದಿಯನ್ನು ದಾಟಿ, ಬ್ರಹ್ಮಾವರವನ್ನು ಕಳೆದು, ಸುವರ್ಣಾನದಿಯ ಸೇತುವೆಯ ಮೇಲಿಂದ ಸಂತೆಕಟ್ಟೆಗೆ ಬಂದು, ಅಲ್ಲಿಂದ ಪಡುವಣಕ್ಕೆ ತಿರುಗಿ ಕೆಮ್ಮಣ್ಣು, ಹೂಡೆಗಳ ಮಾರ್ಗವಾಗಿ ಬಡಗಲಿಗೆ ನಡೆದರೆ ನೆಲವು ಬರಬರುತ್ತ ಕಿರಿದಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಮರಗಳೂ ಮೀನುಗಾರರ ಮನೆಗಳೂ ಇರುವ ಒಂದು ಮರಳಿನ ಪಟ್ಟಿ. ಹೊಳೆಗೂ ಕಡಲಿಗೂ ನಡುವಣ ಇಂತಹ ಪಟ್ಟಿಗೇ ನಮ್ಮಲ್ಲಿ ಬೆಂಗ್ರೆಯೆಂದು ಹೆಸರು. ಇದರ ತುದಿಯಲ್ಲಿ, ಹಂಗಾರಕಟ್ಟೆಯ ಎದುರಿಗೆ, ಸೀತೆಯೂ ಸುವರ್ಣೆಯೂ ಕೂಡಿ ಕಡಲನ್ನು ಸೇರುತ್ತವೆ. ಆ ಅಳಿವೆಯ ಬಳಿ ನಿಂತು ಸಂಜೆಯ ಬಿಸಿಲಿನಲ್ಲಿ ನಾಡದೋಣಿಗಳು ಒಳಗೆ ಬರುವುದನ್ನು ನೋಡುವುದು ಕಣ್ಣಿಗೆ ಹಬ್ಬ.

ಈ ಹಳ್ಳಿಗೆ ಇನ್ನೊಂದು ಪ್ರಸಿದ್ಧಿಯೂ ಉಂಟು. ತೆರೆಯ ಮೇಲೆ ಹಲಗೆಯನ್ನಿಟ್ಟು ಅದರ ಮೇಲೆ ನಿಂತು ದಡದವರೆಗೆ ಜಾರಿಬರುವ ಸರ್ಫಿಂಗ್ ಎಂಬ ಆಟವು ಹವಾಯಿ ಮೊದಲಾದ ಶಾಂತಸಾಗರದ ದ್ವೀಪಗಳಲ್ಲಿ ಬಹು ಪುರಾತನವಾದುದು. ನಮ್ಮ ಕರಾವಳಿಯಲ್ಲಿ ಇದು ಮೊದಲು ಬೇರೂರಿದುದು ಮೂಲ್ಕಿಯಲ್ಲಿ; ಅಲ್ಲಿನ ಒಂದು ವೈಷ್ಣವ ಆಶ್ರಮದ ಸಂನ್ಯಾಸಿಗಳು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವಿಯಾ ಮತ್ತು ತುಷಾರ್ ಪಥಿಯಾನ್ ಎಂಬ ವಿದ್ಯಾರ್ಥಿಗಳು ಆ ಆಶ್ರಮದವರಿಂದ ವಿದ್ಯೆಯನ್ನು ಕಲಿತು, 2007ರಲ್ಲಿ ಶಾಕಾ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿ, ಕೋಡಿ ಬೆಂಗ್ರೆಯನ್ನು ಅದರ ನೆಲೆಯಾಗಿಸಿದರು. ಮೊದಮೊದಲು ಇಬ್ಬರಿಗೂ ಸೇರಿ ಒಂದೇ ಹಲಗೆಯಿದ್ದಿತಂತೆ. ಮುಂದೆ ಇಶಿತಾ ಅವರು ಈ ಆಟವನ್ನು ವೃತ್ತಿಯಾಗಿ ಕೈಕೊಂಡ ಭಾರತದ ಮೊದಲನೆಯ ಮಹಿಳೆಯೆಂದು ಹೆಸರಾದರು. 2016ರಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. 2021ರಲ್ಲಿ ಜಪಾನಿನಲ್ಲಿ ನೆರವೇರಿದ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಪ್ರಥಮ ಬಾರಿಗೆ ಸ್ಥಾನವೂ ದೊರೆಯಿತು.

ನಾವು ಹೋದುದು ಆಡುವುದಕ್ಕಲ್ಲ. ನಮ್ಮ ತಂಗಿಯ ಮೊಮ್ಮಗಳು, ಪದವಿ ತರಗತಿಯಲ್ಲಿ ಓದುವ ಹುಡುಗಿ, ಈ ವಿದ್ಯೆಯನ್ನು ಕಲಿಯಬೇಕೆಂದು ಹಟ ಹಿಡಿದಿದ್ದಳು. ಅವಳ ಮನೆಯಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಅವಳ ತಂದೆಯ ಅಣ್ಣನು ಹದಿನಾರನೆಯ ವಯಸ್ಸಿನಲ್ಲಿ ಒಂದು ಅಳಿವೆಯ ಸೆಳೆತಕ್ಕೆ ಸಿಕ್ಕಿ ಹೋದವನು. ಅಂದಿನಿಂದ ಆ ಮನೆಯವರು ಕರ್ಕಾಟಕ ಅಮಾವಾಸ್ಯೆಯ ಸ್ನಾನಕ್ಕೂ ಹೊಳೆಯ ನೀರನ್ನೇ ತರಿಸಿಕೊಳ್ಳುವರು. ಹುಡುಗಿಯು ಊರ ಕೆರೆಯಲ್ಲಿ ಈಜು ಕಲಿತಿದ್ದಳು. "ಮಾವಯ್ಯ ಜೊತೆಗೆ ಇರುವುದಾದರೆ ಹೋಗಲಿ" ಎಂದು ತಂದೆಯು ಅರೆಮನಸ್ಸಿನಿಂದ ಒಪ್ಪಿದುದರಿಂದ, ಮೂರು ದಿನ ದಡದಲ್ಲಿ ಕುಳಿತಿರುವ ಕೆಲಸವು ನಮ್ಮ ಪಾಲಿಗೆ ಬಂದಿತು.

ಮೊದಲನೆಯ ಪಾಠವು ಮರಳಿನ ಮೇಲೆಯೇ ನಡೆಯಿತು. ಮೆತ್ತನೆಯ ಮೈಯುಳ್ಳ ಎಂಟು ಒಂಬತ್ತು ಅಡಿಯ ಹಲಗೆ. ಅದರಿಂದ ಕಾಲಿನ ಹರಡಿಗೆ ಒಂದು ಹುರಿ. ಹಲಗೆಯ ಮೇಲೆ ಬೋರಲು ಮಲಗುವುದು, ಎರಡು ಕೈಗಳಿಂದಲೂ ಹುಟ್ಟುಹಾಕುವುದು, ಅಂಗೈಗಳನ್ನೂರಿ ಒಮ್ಮೆಗೇ ಏಳುವುದು, ಮೊಣಕಾಲನ್ನು ಬಗ್ಗಿಸಿ ಅಡ್ಡವಾಗಿ ನಿಲ್ಲುವುದು, ದೃಷ್ಟಿಯನ್ನು ಪಾದಗಳಲ್ಲಿಡದೆ ದಡದಲ್ಲಿಡುವುದು. ಇದನ್ನು ಅವಳು ಒಂದು ಗಳಿಗೆಯಲ್ಲಿಯೇ ಕಲಿತಳು. ಆಮೇಲೆ ಅಳಿವೆಯಿಂದ ಬಹಳ ದೂರದಲ್ಲಿ, ಸೊಂಟದಷ್ಟು ನೀರಿನಲ್ಲಿ, ಒಡೆದು ನೊರೆಯಾಗಿ ಬರುವ ತೆರೆಗಳಲ್ಲಿ ಇಳಿದಳು. ಮರಳಿನ ಮೇಲೆ ಕಲಿತುದೊಂದೂ ನೀರಿನಲ್ಲಿ ನೆನಪಿಗೆ ಬರಲಿಲ್ಲ. ಎದ್ದಳು, ಬಿದ್ದಳು; ಮೊಣಕಾಲಿನವರೆಗೆ ಎದ್ದು ಬಿದ್ದಳು; ಏಳದೆಯೇ ಬಿದ್ದಳು. ಪಕ್ಕದಲ್ಲಿ ಹಳ್ಳಿಯ ಹತ್ತು ವರ್ಷದ ಪೋರನೊಬ್ಬನು ಅಂಗಳದಲ್ಲಿ ನಿಂತವನಂತೆ ತೆರೆಯ ಮೇಲೆ ನಿಂತು ಬರುತ್ತಿದ್ದನು. ಬಿದ್ದ ನೋವಿಗಿಂತ ಆ ಪೋರನನ್ನು ಕಂಡ ನೋವೇ ಅವಳಿಗೆ ಹೆಚ್ಚಾಗಿದ್ದಂತೆ ಕಂಡಿತು.

ಎರಡನೆಯ ದಿನ ಒಂದು ತೆರೆಯು ಅವಳನ್ನು ಮಗುಚಿ ಹಾಕಿತು. ಮೂಗಿನಲ್ಲಿ ನೀರೇರಿತು; ಮೇಲು ಯಾವುದು ಕೆಳಗು ಯಾವುದು ತಿಳಿಯದಂತಾಯಿತು. ಎದ್ದುಬಂದು ಮರಳಿನಲ್ಲಿ ಕುಳಿತು, "ನನ್ನಿಂದಾಗದು, ಅಜ್ಜಯ್ಯ; ಮನೆಗೆ ಹೋಗುವ" ಎಂದಳು. ಅವಳ ಕೈ ನಡುಗುತ್ತಿತ್ತು. ದೊಡ್ಡಪ್ಪನ ಹೆಸರನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಕಲಿಸುತ್ತಿದ್ದವನು ಅದೇ ಕರಾವಳಿಯ ಮೀನುಗಾರರ ಹುಡುಗ. ಅವನು ಅವಳನ್ನು ಹುರಿದುಂಬಿಸಲಿಲ್ಲ, ಸಂತೈಸಲೂ ಇಲ್ಲ. ಕಾಲಿನ ಹುರಿಯನ್ನು ಬಿಚ್ಚಿ, "ಹಲ್ಗಿ ಅಲ್ಲೇ ಇರ್ಲಿ ಅಕ್ಕ, ಮೊದ್ಲ್ ಬೀಳುಕೆ ಕಲ್ತ್ಕಣಿ" ಎಂದನು. ಮತ್ತೆ ಸೊಂಟದಷ್ಟೇ ನೀರಿಗೆ ಕರೆದೊಯ್ದು ಬೇಕೆಂದೇ ಬೀಳಿಸಿದನು. ತಲೆಯನ್ನು ಮುಂದುಮಾಡಿ ಬೀಳಬಾರದು, ಮೈಯನ್ನು ಚಪ್ಪಟೆ ಮಾಡಿ ಬೀಳಬೇಕು. ಬೀಳುವ ಮೊದಲು ಉಸಿರನ್ನು ತುಂಬಿಕೊಳ್ಳಬೇಕು. ಎರಡು ತೋಳುಗಳಿಂದಲೂ ತಲೆಯನ್ನು ಮುಚ್ಚಿಕೊಂಡು ಏಳಬೇಕು. ಎದ್ದೊಡನೆ ಹಲಗೆ ಎಲ್ಲಿದೆ, ಮುಂದಿನ ತೆರೆ ಎಲ್ಲಿದೆ ಎಂದು ನೋಡಬೇಕು. ಹಲಗೆಯು ತನಗೂ ತೆರೆಗೂ ನಡುವೆ ಎಂದಿಗೂ ಬರಕೂಡದು. ಒಂದು ತೆರೆಯು ಮನುಷ್ಯನನ್ನು ಅಡಿಯಲ್ಲಿ ಹಿಡಿದಿಡುವ ಕಾಲವೆಷ್ಟೆಂದು ಅವಳಿಂದಲೇ ಎಣಿಸಿದನು. ಯುಗದಂತೆ ತೋರಿದ ಆ ಕಾಲವು ಎಣಿಸಿದಾಗ ನಾಲ್ಕನ್ನು ಮೀರಲಿಲ್ಲ. ಇಪ್ಪತ್ತು ಸಲ ಬಿದ್ದು ಎದ್ದ ಮೇಲೆ ಹುಡುಗಿಯು ನಗುತ್ತಿದ್ದಳು.

ಮೂರನೆಯ ದಿನ ಅವಳ ತಂದೆಯೂ ಬಂದನು. ಗಾಳಿಮರದ ಕೆಳಗೆ ಒಣಗಿದ ವಸ್ತ್ರವನ್ನು ಹಿಡಿದುಕೊಂಡು, ಕುಳಿತುಕೊಳ್ಳದೆ ನಿಂತೇ ಇದ್ದನು. ಆ ಬೆಳಿಗ್ಗೆ ಅವಳು ಹನ್ನೊಂದು ಸಲ ಬಿದ್ದಳು. ಹನ್ನೆರಡನೆಯ ತೆರೆಯಲ್ಲಿ ಎದ್ದು ನಿಂತು, ಮೂರು ಉಸಿರಿನಷ್ಟು ಕಾಲ ದಡದ ಕಡೆಗೆ ಜಾರಿಬಂದಳು. ತಂದೆಯು ಏನೂ ಹೇಳಲಿಲ್ಲ. ವಸ್ತ್ರವನ್ನು ನಮ್ಮ ಕೈಗೆ ಕೊಟ್ಟು, ಪಂಚೆಯನ್ನು ಎತ್ತಿಕಟ್ಟಿ, ನೀರು ಮೊಣಕಾಲನ್ನು ಮುಟ್ಟುವವರೆಗೆ ನಡೆದುಹೋಗಿ ಅವಳ ಹಲಗೆಯ ತುದಿಯನ್ನು ಹಿಡಿದುಕೊಂಡನು.

ಗಾಳಿಪಟದ ಬಲದಿಂದ ಹಲಗೆಯ ಮೇಲೆ ನೀರನ್ನು ಸೀಳಿಕೊಂಡು ಹೋಗುವ ಕೈಟ್ ಬೋರ್ಡಿಂಗ್ ಎಂಬ ಇನ್ನೊಂದು ವಿದ್ಯೆಯಲ್ಲಿಯೂ ಕ್ರಮವು ಇದೇ ಎಂದು ಆ ಹುಡುಗನು ನಮಗೆ ವಿವರಿಸಿದನು. ನಮ್ಮ ದೇಶದಲ್ಲಿ ಅದಕ್ಕೆ ಹೆಸರಾದುದು ರಾಮೇಶ್ವರದ ಸುತ್ತಣ ಆಳವಿಲ್ಲದ ಕಡಲು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅಂಗವಾಗಿ ಮಾರ್ಸೇಲ್ಸಿನಲ್ಲಿ ಅದರ ಸ್ಪರ್ಧೆಯೂ ನಡೆಯಿತು. ಸುಮಾರು 20ರಿಂದ 25 ಮೀಟರ್ ಉದ್ದದ ನಾಲ್ಕೈದು ದಾರಗಳಿಂದ ಪಟವನ್ನು ಒಂದು ದಂಡಕ್ಕೆ ಕಟ್ಟಿರುತ್ತಾರೆ. ಮೊದಲು ನೆಲದ ಮೇಲೆ ಸಣ್ಣ ಪಟ, ಆಮೇಲೆ ಹಲಗೆಯಿಲ್ಲದೆ ನೀರಿನಲ್ಲಿ ಪಟದಿಂದ ಎಳೆಯಿಸಿಕೊಳ್ಳುವುದು, ಹಲಗೆಯು ಕಟ್ಟಕಡೆಗೆ. ವಿಶೇಷವೇನೆಂದರೆ, ದಂಡವನ್ನು ಹತ್ತಿರಕ್ಕೆಳೆದಷ್ಟೂ ಪಟಕ್ಕೆ ಬಲವೇರುತ್ತದೆ, ಕೈಬಿಟ್ಟರೆ ಬಲವು ಇಳಿಯುತ್ತದೆ. ಹೆದರಿದ ನವಸಿಗನು ಆಸರೆಯೆಂದು ದಂಡವನ್ನು ಎದೆಗವಚಿಕೊಳ್ಳುತ್ತಾನೆ. ಅದರಿಂದಲೇ ಪಟವು ಅವನನ್ನು ಇನ್ನಷ್ಟು ಎಳೆದೊಯ್ಯುತ್ತದೆ. ಆದುದರಿಂದ ಅಲ್ಲಿ ಹಿಡಿಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸುತ್ತಾರೆ. ಗಾಳಿಯ ದಿಕ್ಕಿನ ತಿಳಿವಳಿಕೆಯೂ ಅಷ್ಟೇ ಮುಖ್ಯ. ಮುಂಜಾವಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಗಾಳಿಯು ತೆರೆಯ ಮುಖವನ್ನು ನಯಗೊಳಿಸಿ ಹಲಗೆಯವನಿಗೆ ಉಪಕರಿಸುತ್ತದೆ; ಪಟದವನನ್ನಾದರೋ ಅದೇ ಗಾಳಿಯು ನಡುಗಡಲಿಗೆ ಒಯ್ಯಬಲ್ಲುದು. ನಮ್ಮ ಮೀನುಗಾರರ ಹಿರಿಯರು ಹಾಯಿಯ ಕಾಲದಲ್ಲಿ ಈ ಗಾಳಿಯಿಂದ ಹೊರಗೆ ಹೋಗಿ, ಮಧ್ಯಾಹ್ನದ ಕಡಲಗಾಳಿಯಿಂದ ಮನೆಗೆ ಮರಳುತ್ತಿದ್ದರು.

ಸಂಸ್ಕೃತದಲ್ಲಿ 'ವಿಶ್ವಾಸ' ಎಂಬ ಮಾತಿನ ಒಳಗೆ ಇರುವುದು ಉಸಿರು. 'ಶ್ವಸ್' ಎಂದರೆ ಉಸಿರಾಡು. ಉಪಸರ್ಗವು ಸೇರಿದಾಗ ನಿರಾತಂಕವಾಗಿ ಉಸಿರಾಡುವುದೆಂದಾಗಿ, ಅದರಿಂದ ನಂಬಿಕೆಯೆಂಬ ಅರ್ಥವು ಬಂದಿದೆ. ಈ ವ್ಯುತ್ಪತ್ತಿಯನ್ನು ನಾವು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದುದುಂಟು. ಅದರ ಪ್ರಯೋಗವನ್ನು ಕಂಡುದು ಬೆಂಗ್ರೆಯ ನೀರಿನಲ್ಲಿ. 'ಸಾಹಸ'ದ ಕುಲವೇ ಬೇರೆ. ಅದು ಬಲವೆಂಬರ್ಥದ 'ಸಹಸ್' ಶಬ್ದದಿಂದ ಹುಟ್ಟಿದುದು. ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಸಾಹಸವೂ ಒಂದು, ಅಲ್ಲಿ ಅದಕ್ಕೆ ಬಲಾತ್ಕಾರದ ಅಪರಾಧವೆಂದು ಅರ್ಥ. ಗೆಳೆಯರ ಮುಂದೆ ಹೆಮ್ಮೆಗಾಗಿ ಈಜು ಬಾರದೆ ತೆರೆಗೆ ನುಗ್ಗುವ ತರುಣನು ಮಾಡುವುದು ಸಾಹಸ. ಬಿದ್ದರೆ ಹೇಗೆ ಏಳಬೇಕೆಂದು ಬಲ್ಲವನಲ್ಲಿ ಇರುವುದು ವಿಶ್ವಾಸ. ಅದನ್ನು "ಹೆದರಬೇಡ" ಎಂಬ ಉಪದೇಶದಿಂದ ಕೊಡಲಾಗದು, ಹೊಗಳಿಕೆಯಿಂದಲೂ ಕೊಡಲಾಗದು. ಸೊಂಟದಷ್ಟು ನೀರಿನಲ್ಲಿ ಇಪ್ಪತ್ತು ಸಲ ಬಿದ್ದೇ ಅದನ್ನು ಗಳಿಸಬೇಕು.

ಮಕ್ಕಳನ್ನು ಕಳುಹಿಸಬೇಕೆನ್ನುವ ಗೃಹಸ್ಥರಿಗೆ ನಾಲ್ಕು ಮಾತು. ಮೊದಲು ಕೆರೆಯಲ್ಲಿಯೋ ಕೊಳದಲ್ಲಿಯೋ ಈಜು ಬರಲಿ. ಮಳೆಗಾಲದಲ್ಲಿ ಬೇಡ, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೇ ಕಡಲು ನಿಷಿದ್ಧವಾಗಿರುವಾಗ ಕಲಿಯುವವರಿಗೆ ಅಲ್ಲಿ ಕೆಲಸವಿಲ್ಲ. ಅಳಿವೆಯ ಬಳಿ, ಅದರಲ್ಲಿಯೂ ಇಳಿತದ ಹೊತ್ತಿನಲ್ಲಿ, ನೀರಿಗಿಳಿಯಕೂಡದು. ಎಲ್ಲಿಯಾದರೂ ನೀರು ಹೊರಕ್ಕೆ ಸೆಳೆದರೆ ಅದಕ್ಕೆದುರಾಗಿ ಹೋರಾಡದೆ, ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡದ ಕಡೆಗೆ ತಿರುಗಬೇಕು. ಈ ಒಂದು ಮಾತನ್ನು ಹಲಗೆಯನ್ನು ಮುಟ್ಟದ ಮಕ್ಕಳಿಗೂ ಮನೆಯಲ್ಲಿ ಹೇಳಿಕೊಡಬೇಕು. ಆ ಹದಿನಾರರ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.