ಗೂಳಿಯ ವ್ಯಾಪಾರ

ಹಳೆಯ ಸಾಮಾನು ಕೊಳ್ಳುವುದರಲ್ಲಿ ಮುಂಬಯಿ ಕನ್ನಡಿಗರಿಗೆ ಅನುಭವ ಸಾಲದೆಂದು ಯಾರೂ ಹೇಳುವಂತಿಲ್ಲ. ಚೋರ್ ಬಜಾರಿನ ಕಪಾಟು, ವರ್ಗವಾಗಿ ಹೋಗುವ ಬ್ಯಾಂಕಿನವರ ಫ್ರಿಜ್ಜು, ಪಕ್ಕದ ಮನೆಯ ಹುಡುಗ ಓದಿ ಮುಗಿಸಿದ ಪಠ್ಯಪುಸ್ತಕ, ಇವುಗಳಿಂದಲೇ ಎಷ್ಟೋ ಸಂಸಾರಗಳು ಇಲ್ಲಿ ನೆಲೆಯೂರಿವೆ. ಆದರೆ ಹಳೆಯದಾದರೂ ಕೋಟಿ ರೂಪಾಯಿ ಬಾಳುವ ಸಾಮಾನೊಂದುಂಟು. ಅದರ ಬೆಲೆ ವಿಚಾರಿಸಲು ನಮ್ಮನ್ನೂ ಕರೆದೊಯ್ಯುವ ಕಾಲ ಬಂದೀತೆಂದು ನಾವಂತೂ ಎಣಿಸಿರಲಿಲ್ಲ. ಅದರ ಹೆಸರು ಸೂಪರ್‌ಕಾರು.

ಕರೆದವನು ನಮ್ಮ ಅಕ್ಕನ ಮಗ. ಹದಿನಾಲ್ಕು ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು, ಅಲ್ಲಿ ದೊರೆತ ಷೇರುಗಳನ್ನು ಮಾರಿ ಎಂಬತ್ತು ಲಕ್ಷ ಕೂಡಿಸಿಟ್ಟಿದ್ದ. ಕಣ್ಣಿಟ್ಟ ಗಾಡಿಗೆ ಹೇಳುತ್ತಿದ್ದ ಬೆಲೆ ಒಂದು ಕೋಟಿ ಹದಿನೈದು ಲಕ್ಷ. ಉಳಿದದ್ದಕ್ಕೆ ಅವನ ಕಣ್ಣು ಬಿದ್ದದ್ದು, ನಮ್ಮ ಭಾವನವರು 1991ರಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಧಾರವಾಡದಲ್ಲಿ ಕೊಂಡಿಟ್ಟ ನಿವೇಶನದ ಮೇಲೆ. ಭಾವನವರು ಮೂವತ್ತಾರು ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿ ಬಂದವರು. ಅವರು ಮಗನಿಗೆ ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಅಕ್ಕ ಮಾತ್ರ ಫೋನಿನಲ್ಲಿ ಅತ್ತಳು. “ಮಾಮಾ, ನೀವೂ ಮಾಮಿನೂ ಬರ್ರಿ, ಅಪ್ಪನ್ನೂ ಕರ್ಕೊಂಡು ಬರ್ರಿ. ನೋಡಿದ ಮ್ಯಾಲೆ ಬ್ಯಾಡ ಅಂದ್ರ ಬಿಡೋಣ” ಎಂದು ಹುಡುಗ ಹೇಳಿದ. ಅವನು ತರಿಸಿಕೊಟ್ಟ ಕಾಗದಪತ್ರಗಳನ್ನು ಹದಿನೈದು ದಿನ ಓದಿ, ಆಮೇಲೆ ಹೊರಟೆವು.

ಓದಿದಾಗ ಒಂದು ಸಂಗತಿ ತಿಳಿಯಿತು. ನಮ್ಮ ಜಾತ್ರೆಯಲ್ಲಿ ಎತ್ತು ಕೊಳ್ಳುವವನಿಗೂ ಸೂಪರ್‌ಕಾರು ಕೊಳ್ಳುವವನಿಗೂ ಹೆಚ್ಚು ಅಂತರವಿಲ್ಲ. ಹುಡುಗ ಮೆಚ್ಚಿದ ಲ್ಯಾಂಬೋರ್ಗಿನಿಯ ಲಾಂಛನವೇ ಗೂಳಿ. ಇಟಲಿಯ ಫೆರುಚ್ಚೊ ಲ್ಯಾಂಬೋರ್ಗಿನಿ ಎಂಬಾತ ಮೊದಲು ಟ್ರ್ಯಾಕ್ಟರು ಮಾಡಿ ಹಣ ಕಂಡವನು. 1963ರಲ್ಲಿ ಕಾರಿನ ಕಾರಖಾನೆ ತೆರೆದ. 1966ರಲ್ಲಿ ಹೊರಬಂದ ಅವನ ಮಿಯುರಾ ಎಂಬ ಗಾಡಿಯೇ ಮೊತ್ತಮೊದಲ ಸೂಪರ್‌ಕಾರೆಂದು ಬಹಳ ಮಂದಿ ಬಲ್ಲವರ ಮತ. ಮಿಯುರಾ ಎಂಬುದು ಸ್ಪೇನಿನಲ್ಲಿ ಕಾಳಗದ ಗೂಳಿ ಸಾಕುವ ಮನೆತನದ ಹೆಸರು. ನಾವು ನೋಡಹೊರಟದ್ದು ಗಯಾರ್ಡೊ, ಅದೂ ಒಂದು ಗೂಳಿತಳಿ. 2003ರಿಂದ 2013ರವರೆಗೆ ಹದಿನಾಲ್ಕು ಸಾವಿರ ಗಯಾರ್ಡೊಗಳು ತಯಾರಾದವು. ನಮ್ಮದು, ಅಂದರೆ ಆಗಬಹುದಾಗಿದ್ದದ್ದು, 2012ರ ಗಾಡಿ. ಹತ್ತು ಸಿಲಿಂಡರು, 5.2 ಲೀಟರಿನ ಎಂಜಿನು, 560 ಕುದುರೆಗಳ ಬಲ.

ಸಂಖ್ಯೆಯ ಮಾತು ಸುಮ್ಮನೆ ಬಂದದ್ದಲ್ಲ. ಬೆಲೆಯ ಬೇರು ಅಲ್ಲೇ ಇರುವುದು. ಮೆಕ್‌ಲಾರೆನ್ ಎಫ್-1 ಎಂಬ ಗಾಡಿ ಲೋಕದಲ್ಲಿ ತಯಾರಾದದ್ದೇ 106. ಅವುಗಳಲ್ಲಿ ನಾನೂರು ಕಿಲೋಮೀಟರು ಕೂಡ ಓಡದ ಒಂದು, 2021ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಮಿಕ್ಕಿ ಹೋಯಿತು. ಫೆರಾರಿಯವರು ಎನ್ಜೊ ಎಂಬ ಗಾಡಿಗಳನ್ನು 399 ಮಾಡಿ, ನಾನೂರನೆಯದನ್ನು ಪೋಪ್ ಎರಡನೆಯ ಜಾನ್ ಪಾಲರಿಗಾಗಿ ಮಾಡಿದರು. ಅದನ್ನು 2005ರಲ್ಲಿ ಹರಾಜು ಹಾಕಿ, ಬಂದ ಹನ್ನೊಂದು ಲಕ್ಷ ಡಾಲರನ್ನು 2004ರ ಸುನಾಮಿಯ ಸಂತ್ರಸ್ತರಿಗೆ ಕೊಟ್ಟರು. ಅದೇ ಗಾಡಿ 2015ರಲ್ಲಿ ಅರುವತ್ತು ಲಕ್ಷ ಡಾಲರನ್ನು ದಾಟಿತು. ಯಂತ್ರ ಉಳಿದವುಗಳದ್ದೇ, ಹೆಚ್ಚಿನ ಬೆಲೆ ಹೆಸರಿಗೆ. ಹದಿನಾಲ್ಕು ಸಾವಿರದಲ್ಲಿ ಒಂದಾದ ಗೂಳಿಗೆ ಆ ಭಾಗ್ಯವಿಲ್ಲ.

ಗಿಯರಿನದೂ ಒಂದು ಕಥೆ. ಕೈಯಿಂದ ಗಿಯರು ಹಾಕುವ ಗಯಾರ್ಡೊಗಳು ಹೊಸದರಲ್ಲಿ ಬಹಳ ಮಂದಿಗೆ ಬೇಡವಾದವು. ಸ್ಟಿಯರಿಂಗಿನ ಹಿಂದಿನ ರೆಕ್ಕೆ ಎಳೆದರೆ ತಾನೇ ಗಿಯರು ಬದಲಿಸುವ ಇ-ಗಿಯರಿಗೇ ಎಲ್ಲರೂ ಮುಗಿಬಿದ್ದರು. ಇಂದು ಯುರೋಪು ಅಮೆರಿಕಗಳಲ್ಲಿ ಆ ಬೇಡವಾದ ಗಾಡಿಗೇ ಬೆಲೆ ಹೆಚ್ಚು. ಅತ್ತೆಯ ಕಾಲದ ಹಿತ್ತಾಳೆ ಪಾತ್ರೆಯನ್ನು ತೂಕಕ್ಕೆ ಹಾಕಿ, ಮೊಮ್ಮಗಳ ಕಾಲಕ್ಕೆ ಮೂರು ಪಟ್ಟು ಕೊಟ್ಟು ಕೊಳ್ಳುವುದನ್ನು ಕಂಡವರಿಗೆ ಇದರಲ್ಲಿ ಸೋಜಿಗವಿಲ್ಲ.

ಅಂಧೇರಿಯ ಆ ಅಂಗಡಿಗೆ ಹೋಗುವಾಗ ಜೊತೆಗೆ ಕುಂದಾಪುರದ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡೆವು. ಇಪ್ಪತ್ತು ವರ್ಷದಿಂದ ಇಂಥ ಗಾಡಿಗಳ ಹೊಟ್ಟೆ ಬಗೆದವರು. ಅಂಗಡಿಯ ತಂಪು, ಗಾಜು, ಕಾಫಿ ಯಾವುದಕ್ಕೂ ಅವರು ಮರುಳಾಗಲಿಲ್ಲ. ನೇರ ಹೋಗಿ ಎಂಜಿನಿನ ಮೇಲಿನ ಮುಚ್ಚಳಕ್ಕೆ ಅಂಗೈ ಊರಿದರು. “ಯಾರು ಮಾರಾಯ್ರೆ ಬೆಳಿಗ್ಗೆ ಇದನ್ನು ಚಾಲೂ ಮಾಡಿದ್ದು?” ಎಂದು ಕೇಳಿದರು. ಅಂಗಡಿಯವನು ಏನೋ ಒಂದು ಹೇಳಿದ. ತಣ್ಣಗಿರುವ ಎಂಜಿನು ಮೊದಲ ಸಲ ಚಾಲೂ ಆಗುವಾಗ ಮಾಡುವ ಸದ್ದು, ಬಿಡುವ ಹೊಗೆ ಇವುಗಳಲ್ಲೇ ಅದರ ಅರ್ಧ ಜಾತಕ ಇರುತ್ತದಂತೆ. ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟರೆ ಆ ಜಾತಕ ಮುಚ್ಚಿಹೋಗುತ್ತದೆ.

ಎರಡನೆಯದಾಗಿ ಟಯರು. ಎತ್ತಿಗೆ ಹಲ್ಲು ಹೇಗೋ ಕಾರಿಗೆ ಟಯರು ಹಾಗೆ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರ ಮೇಲೆ 2316 ಎಂದಿತ್ತು, ಅಂದರೆ 2016ರ ಇಪ್ಪತ್ತಮೂರನೆಯ ವಾರ. ಗೀರುಗಳು ಆಳವಾಗಿ ಹೊಸದರಂತೆಯೇ ಇದ್ದವು, ಆದರೆ ರಬ್ಬರು ಉಗುರಿಗೆ ಕಲ್ಲಿನಂತೆ ಸಿಕ್ಕಿತು. ಹದಿನಾಲ್ಕು ಸಾವಿರ ಕಿಲೋಮೀಟರು ಮಾತ್ರ ಓಡಿದ ಗಾಡಿ ಎಂದು ಅಂಗಡಿಯವನು ಹಿಗ್ಗುತ್ತಿದ್ದ. ಮೇಸ್ತ್ರಿ ಹೇಳಿದ್ದು ಬೇರೆ: ಕಡಮೆ ಓಡಿದ್ದು ಬೆಲೆಗೆ ಒಳ್ಳೆಯದು ನಿಜ, ಆದರೆ ನಿಂತೇ ಇದ್ದ ಗಾಡಿಯ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಎಣ್ಣೆ ಹಳಸುತ್ತದೆ, ಪ್ರತಿ ತಿಂಗಳೂ ಅಷ್ಟಿಷ್ಟು ಓಡಿ, ಪ್ರತಿ ವರ್ಷವೂ ಸರ್ವೀಸಾಗಿ, ಅದೆಲ್ಲ ಪುಸ್ತಕದಲ್ಲಿ ದಾಖಲಾದ ಗಾಡಿ ಇದಕ್ಕಿಂತ ಮೇಲು. ಈ ಗಾಡಿಯ ಪುಸ್ತಕದಲ್ಲಿ 2018ರಿಂದ 2021ರವರೆಗೆ ಒಂದಕ್ಷರವೂ ಇರಲಿಲ್ಲ.

ಮೇಸ್ತ್ರಿ ಕಂಪ್ಯೂಟರಿನ ತಂತಿ ಚುಚ್ಚಿ ಕ್ಲಚ್ಚಿನ ಸವೆತ ಓದಿದರು. ಮುಕ್ಕಾಲು ಪಾಲು ಮುಗಿದಿತ್ತು. ಇ-ಗಿಯರಿನ ಗಾಡಿಯಲ್ಲಿ ಕ್ಲಚ್ಚನ್ನು ಒತ್ತಿ ಬಿಡುವುದು ಯಂತ್ರವೇ ಆದ್ದರಿಂದ, ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ತೆವಳಿದರೆ ಅದು ಬೇಗ ಸುಟ್ಟುಹೋಗುತ್ತದೆ. ನಮ್ಮ ಎಸ್.ವಿ. ರಸ್ತೆಯ ಸಂಜೆಯನ್ನು ಇಟಲಿಯವರು ಕನಸಿನಲ್ಲೂ ಕಂಡಿರಲಾರರು. ಬ್ರೇಕಿನ ತಟ್ಟೆಗಳು ಕಾರ್ಬನ್ ಸೆರಾಮಿಕ್ಕಿನವು. ಹೊಸದಾಗಿ ಹಾಕಿಸಬೇಕಾಗಿ ಬಂದರೆ ಒಂದು ಸಣ್ಣ ಕಾರಿನ ಬೆಲೆ. ಅದೃಷ್ಟಕ್ಕೆ ಅವು ಚೆನ್ನಾಗಿದ್ದವು. ಗಾಡಿಯನ್ನು ಮೇಲೆತ್ತಿ ಹೊಟ್ಟೆ ನೋಡಿದಾಗ ಮುಂಭಾಗದ ಕೆಳಗೆ ಉಬ್ಬುಗಳಿಗೆ ಉಜ್ಜಿದ ಗಾಯಗಳು ಕಂಡವು. ಬಲಬದಿಯ ಬಾಗಿಲಿಗೆ ಬಣ್ಣ ಎರಡು ಸಲ ಬಿದ್ದಿತ್ತು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಅದನ್ನು ಹೇಳಿತು, ಅಂಗಡಿಯವನು ಹೇಳಿರಲಿಲ್ಲ.

ಇದೇ ಫೆರಾರಿಯಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕಾಗಿತ್ತು ಎಂದು ಮೇಸ್ತ್ರಿ ವಿವರಿಸಿದರು. 1994ರಲ್ಲಿ ಬಂದ ಎಫ್-355ರಲ್ಲಿ ಟೈಮಿಂಗ್ ಬೆಲ್ಟು ಬದಲಿಸಲು ಎಂಜಿನನ್ನೇ ಹೊರಗೆ ಇಳಿಸಬೇಕು. 360 ಮೊಡೆನದಲ್ಲಿ ಬೆಲ್ಟಿದ್ದರೂ ಎಂಜಿನು ಇಳಿಸಬೇಕಾಗಿಲ್ಲ. ಎಫ್-430ರಿಂದ ಬೆಲ್ಟು ಹೋಗಿ ಚೈನು ಬಂತು. 360 ಎಂದೊಡನೆ ಮುಂಬಯಿಯವರಿಗೆ ಸಚಿನ್ ತೆಂಡೂಲ್ಕರರ ಕೆಂಪು ಗಾಡಿ ನೆನಪಾಗದಿರದು. ಬ್ರಾಡ್ಮನ್ನರ 29 ಶತಕಗಳನ್ನು ಸರಿಗಟ್ಟಿದ್ದಕ್ಕೆ ಬಂದ ಕಾಣಿಕೆ ಅದು. 2002ರಲ್ಲಿ ಶೂಮಾಕರರ ಕೈಯಿಂದ ಪಡೆದದ್ದು. ಅದರ ಆಮದು ಸುಂಕದ ರಿಯಾಯಿತಿ ದೊಡ್ಡ ವಾದವಾಗಿ, ಕಡೆಗೆ ಫಿಯಟ್ ಕಂಪನಿಯೇ ಸುಂಕ ಕಟ್ಟಿತು. 2011ರಲ್ಲಿ ಆ ಗಾಡಿ ಸೂರತಿನ ವ್ಯಾಪಾರಿಯೊಬ್ಬರ ಪಾಲಾಯಿತು.

ಸುಂಕದ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ದೇಶದಲ್ಲಿ ಇಂಥ ಗಾಡಿಯ ಬೆಲೆಯಲ್ಲಿ ಯಂತ್ರಕ್ಕಿಂತ ತೆರಿಗೆಯ ಪಾಲು ದೊಡ್ಡದು. ಪೂರ್ತಿ ತಯಾರಾಗಿ ಬರುವ ದುಬಾರಿ ಕಾರಿನ ಆಮದು ಸುಂಕ 2013ರಲ್ಲಿ ಶೇಕಡಾ 75ರಿಂದ 100ಕ್ಕೆ ಏರಿತು. ಹೊರದೇಶದಲ್ಲಿ ಅಗ್ಗಕ್ಕೆ ಸಿಗುವ ಹಳೆಯದನ್ನೇ ತರಿಸೋಣವೆಂದರೆ, ಮೂರು ವರ್ಷಕ್ಕಿಂತ ಹಳೆಯದನ್ನು ತರುವಂತಿಲ್ಲ, ಸ್ಟಿಯರಿಂಗ್ ಬಲಗಡೆಯೇ ಇರಬೇಕು, ಇಳಿಸುವುದೂ ಮುಂಬಯಿ ಬಂದರಿನಲ್ಲೇ. ಆದ್ದರಿಂದ ಅಂದು ಬಂದಷ್ಟೇ ಗಾಡಿಗಳು ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿ.ಎಸ್.ಟಿ. ಸೆಸ್ಸು ಸೇರಿ 50ರವರೆಗೆ ಇದ್ದದ್ದು 40ಕ್ಕೆ ಇಳಿದಾಗ, ಹಳೆಯದನ್ನು ಮಾರುವವರು ಹುಬ್ಬು ಗಂಟಿಕ್ಕಿದರೆಂದು ಕೇಳಿದೆವು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕಲ್ಲ!

ಆದರೆ ನಿಜವಾದ ತೊಡಕು ನಂಬರಿನ ಫಲಕದಲ್ಲಿತ್ತು. ಗಾಡಿ ಕೆ.ಎ. ನಂಬರಿನದು, ಬೆಂಗಳೂರಿನ ನೋಂದಣಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಬೆಲೆಯ ಶೇಕಡಾ 18 ಜೀವಮಾನ ತೆರಿಗೆ. ಅದನ್ನು ತಪ್ಪಿಸಲು ಬೇರೆ ರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವವರು ಅನೇಕರು. 2025ರ ಫೆಬ್ರವರಿಯಲ್ಲಿ ಅಲ್ಲಿಯ ಸಾರಿಗೆ ಇಲಾಖೆ ಇಂಥ ಮೂವತ್ತು ಗಾಡಿಗಳನ್ನು ಹಿಡಿಯಿತು. ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯಿಂದ 1 ಕೋಟಿ 41 ಲಕ್ಷ ವಸೂಲಾಯಿತು. ನಮ್ಮ ಗೂಳಿ ಉಲ್ಟಾ ದಾರಿಯಲ್ಲಿ ಬಂದದ್ದು. ಒಂದು ರಾಜ್ಯದ ಗಾಡಿ ಇನ್ನೊಂದರಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಹೊಸ ನಂಬರು ಪಡೆಯಬೇಕು, ಮೊದಲ ರಾಜ್ಯದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ಅರ್ಜಿ ಹಾಕಿ ಬೇಡಬೇಕು. ಊರಿನಿಂದ ಒಂದು ಸ್ಕೂಟರನ್ನಾದರೂ ರೈಲಿಗೆ ಹಾಕಿ ತರಿಸಿದ ನಮ್ಮ ಸಂಘದ ಸದಸ್ಯರಿಗೆ ಈ ಪುರಾಣ ಬಾಯಿಪಾಠ. ಆ ಪತ್ರವೆಲ್ಲಿ ಎಂದು ಕೇಳಿದರೆ, “ಬರುತ್ತದೆ” ಎಂದ ಅಂಗಡಿಯವನು. ಸಾಲದಂತೆ 2027ಕ್ಕೆ ನೋಂದಣಿಯ ಹದಿನೈದು ವರ್ಷ ತುಂಬುತ್ತದೆ. ಆಗ ಪರೀಕ್ಷೆ ಮಾಡಿಸಿ ನವೀಕರಿಸುವ ಖರ್ಚು ಬೇರೆ.

ಇಷ್ಟು ಹೊತ್ತೂ ಭಾವನವರು ಗಾಡಿಯ ಸುತ್ತ ಕೈಕಟ್ಟಿ ತಿರುಗುತ್ತಿದ್ದರು. ಹುಡುಗ ಬಾಗಿಲು ತೆರೆದು, “ಕೂಡ್ರಿ ಅಪ್ಪಾ” ಎಂದ. ಅವರು ಕೂತರು, ಕೂತರೆನ್ನುವುದಕ್ಕಿಂತ ಇಳಿದರು. ನೆಲಕ್ಕೆ ಅಷ್ಟು ಹತ್ತಿರ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಸುಮಾರು ಹೊತ್ತು ಮುಂದೆ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, “ಇದರಾಗ ನಿಮ್ಮವ್ವ ಎಲ್ಲಿ ಕೂಡತಾಳಪಾ?” ಎಂದು ಕೇಳಿದರು. ಹಿಂದೆ ಎಂಜಿನು ಬಿಟ್ಟರೆ ಏನೂ ಇರಲಿಲ್ಲ. ಅವರನ್ನು ಮೇಲಕ್ಕೆ ಎಬ್ಬಿಸಲು ಮೇಸ್ತ್ರಿಯೂ ನಾವೂ ಸೇರಿ ಕೈ ಕೊಡಬೇಕಾಯಿತು.

ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ತೀರಿಸುತ್ತಾರೆ. ಇಲ್ಲಿ ಟವೆಲಿನ ಬದಲು ಕ್ಯಾಲ್ಕುಲೇಟರು. ಮೇಸ್ತ್ರಿ ಕ್ಲಚ್ಚು, ಟಯರು, ಸೀಲು, ಬಣ್ಣ ಎಂದು ಬರೆದ ಪಟ್ಟಿಗೆ ಹದಿನೆಂಟು ಲಕ್ಷದ ಹತ್ತಿರ ಬಂತು. ತೆರಿಗೆ ಅದರಲ್ಲಿ ಸೇರಿರಲಿಲ್ಲ. ಅಂಗಡಿಯವನು ಒಂದು ಕೋಟಿ ಹತ್ತಕ್ಕೆ ಇಳಿದ, ಒಂದು ಕೋಟಿ ನಾಲ್ಕಕ್ಕೆ ಇಳಿದ. ಹುಡುಗ ತಂದೆಯ ಮುಖ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ಎಂಬತ್ತು ಲಕ್ಷ, ಹೊಸ ನಂಬರು ಹಾಕಿಸಿ ಕೊಟ್ಟರೆ ಮಾತ್ರ, ಎಂದು ಕ್ಯಾಲ್ಕುಲೇಟರಿನಲ್ಲಿ ಒತ್ತಿ ಮೇಜಿನ ಮೇಲೆ ಇಟ್ಟ. ಧಾರವಾಡದ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮಾಲೀಕರನ್ನು ಕೇಳಿ ಹೇಳುತ್ತೇನೆಂದ ಅಂಗಡಿಯವನು ಎರಡು ವಾರದ ಬಳಿಕ ಫೋನು ಮಾಡಿ ತೊಂಬತ್ತೆರಡು ಎಂದನಂತೆ. ಹುಡುಗ ಎಂಬತ್ತರಿಂದ ಕದಲಿಲ್ಲ. ಬೆಂಗಳೂರಿನ ಪತ್ರ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಭಾವನವರು ಕಳೆದ ವಾರ ಧಾರವಾಡಕ್ಕೆ ಹೋಗಿ, ನಿವೇಶನದ ಬೇಲಿ ಸರಿಮಾಡಿಸಿ ಬಂದರು.